‘ಬೇಡ’ ಎನ್ನಬಲ್ಲ ವೈದ್ಯರು

“ಅಸ್ಸಲಾಮು ಅಲೈಕುಮ್ ಟೀಚರ್” ಎನ್ನುತ್ತಾ ಬಾಗಿಲಲ್ಲಿ ನಿಂತವಳನ್ನು ಗುರುತಿಸಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಹತ್ತು ವರ್ಷಗಳ ಹಿಂದೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದ ಹುಡುಗಿ. ಮೂರು ವರ್ಷದವಳಿದ್ದಾಗ ಒಲೆಯ ಮೇಲಿದ್ದ ಗಂಜಿಯ ಪಾತ್ರೆ ಮಗುಚಿ, ಗಲ್ಲದ ಕೆಳಗಿನಿಂದ ಎದೆಯವರೆಗೆ ಸುಟ್ಟಿತ್ತು. ಗಾಯವೇನೋ ಒಣಗಿತು. ಆದರೆ ಒಣಗುವಾಗ ಕುತ್ತಿಗೆಯ ಚರ್ಮ ಹಗ್ಗದಂತೆ ಬಿಗಿದುಕೊಂಡಿತು. ತಲೆಯನ್ನು ಪೂರ್ತಿ ಮೇಲೆತ್ತಲು ಅವಳಿಗೆ ಆಗುತ್ತಿರಲಿಲ್ಲ. ನಮಾಝಿನ ಕೊನೆಯಲ್ಲಿ ಬಲಕ್ಕೆ ತಿರುಗಿ ಸಲಾಂ ಹೇಳಬೇಕಾದರೆ ಇಡೀ ಭುಜವನ್ನೇ ತಿರುಗಿಸುತ್ತಿದ್ದಳು.

ಕಳೆದ ವರ್ಷ ಶಅಬಾನ್ ತಿಂಗಳ ಆ ಸಂಜೆ ಅವಳ ಜೊತೆ ತಾಯಿಯೂ ಬಂದಿದ್ದರು. ಚಹಾ ಮುಗಿಯುವ ಮೊದಲೇ ವಿಷಯ ಹೊರಬಂತು.

“ಟೀಚರ್, ಈದ್ ಕಳೆದು ಹತ್ತನೇ ದಿನಕ್ಕೆ ಇವಳ ನಿಖಾಹ್ ಗೊತ್ತು ಮಾಡಿದ್ದೇವೆ. ಹುಡುಗನ ಅಕ್ಕ ಬಂದು ನೋಡಿ ಹೋದ ಮೇಲೆ, ಕುತ್ತಿಗೆಯದ್ದು ಸರಿ ಮಾಡಿಸಬಹುದಲ್ವಾ ಅಂತ ಹೇಳಿ ಕಳಿಸಿದ್ದಾರೆ. ಮೂಗು ಕೂಡ ಸ್ವಲ್ಪ ದಪ್ಪ ಅಂದರಂತೆ. ಪೇಟೆಯಲ್ಲಿ ಒಂದು ಬ್ಯೂಟಿ ಸೆಂಟರ್‌ನವರು ಎರಡನ್ನೂ ಒಂದೇ ದಿನದಲ್ಲಿ ಮಾಡಿ ಕೊಡುತ್ತಾರಂತೆ. ಖರ್ಚು ಆಸ್ಪತ್ರೆಯ ಅರ್ಧ. ದೀನಿನಲ್ಲಿ ಇದಕ್ಕೆ ಅಡ್ಡಿ ಇದೆಯಾ?”

ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

“ನಿಮ್ಮ ಪ್ರಶ್ನೆಯಲ್ಲಿ ಅರ್ಧ ದೀನಿನದ್ದು, ಇನ್ನರ್ಧ ಡಾಕ್ಟರರದ್ದು. ಮೊದಲು ಡಾಕ್ಟರರ ಹತ್ತಿರ ಹೋಗೋಣ” ಎಂದೆ. ಆ ವಾರವೇ ಮಂಗಳೂರಿನಲ್ಲಿ ಪ್ಲಾಸ್ಟಿಕ್ ಸರ್ಜರಿ ಓದಿದ ಒಬ್ಬ ವೈದ್ಯರ ಬಳಿಗೆ ಮೂವರೂ ಹೋದೆವು. ಅಲ್ಲಿ ಕಂಡದ್ದು ಮತ್ತು ಆನಂತರ ನಾನು ಓದಿ, ಕೇಳಿ ತಿಳಿದದ್ದು ನಮ್ಮ ಮನೆಗಳ ಪ್ರತಿಯೊಬ್ಬ ತಾಯಿಗೂ ಗೊತ್ತಿರಬೇಕು ಎಂದು ಈ ಲೇಖನ ಬರೆಯುತ್ತಿದ್ದೇನೆ.

ಕೈಗಿಂತ ಮೊದಲು ಕಿವಿ

ಆ ವೈದ್ಯರು ನಮ್ಮನ್ನು ಕೂರಿಸಿಕೊಂಡು ಮುಕ್ಕಾಲು ಗಂಟೆ ಮಾತನಾಡಿದರು. ಮೊದಲ ಅರ್ಧ ಗಂಟೆ ಅವರು ಹೇಳಿದ್ದು ಬಹಳ ಕಡಿಮೆ, ಕೇಳಿದ್ದೇ ಹೆಚ್ಚು. ಸುಟ್ಟದ್ದು ಯಾವಾಗ? ಆಗ ಯಾವ ಚಿಕಿತ್ಸೆ ಆಯಿತು? ಉಬ್ಬಸ ಇದೆಯೇ? ಮನೆಯಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆ ಆದದ್ದುಂಟೇ? ಯಾವ ಮಾತ್ರೆ, ಯಾವ ನಾಟಿ ಔಷಧಿ, ಯಾವ ಕ್ರೀಮು ಉಪಯೋಗಿಸುತ್ತೀರಿ? ಕಿವಿ ಚುಚ್ಚಿದ ಜಾಗದಲ್ಲಿ ಗಂಟು ಬೆಳೆದಿದೆಯೇ? ತಿಂಗಳ ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತದೆಯೇ?

ಕಿವಿಯ ಗಂಟನ್ನು ಏಕೆ ಕೇಳಿದರೆಂದು ನನಗೆ ಆಶ್ಚರ್ಯವಾಯಿತು. ಕೆಲವರ ಚರ್ಮಕ್ಕೆ ಸಣ್ಣ ಗಾಯವಾದರೂ ಕಲೆ ಉಬ್ಬಿ, ಗಾಯಕ್ಕಿಂತ ದೊಡ್ಡದಾಗಿ ಬೆಳೆಯುತ್ತದೆ. ಅದನ್ನು ಕೀಲಾಯ್ಡ್ ಎನ್ನುತ್ತಾರೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಇದು ಬಿಳಿಯರಿಗಿಂತ ಹೆಚ್ಚು. ಅಂಥವರಿಗೆ ಕಲೆ ತೆಗೆಯಲು ಹೋಗಿ ಇನ್ನೂ ದೊಡ್ಡ ಕಲೆ ಮಾಡಿದಂತಾಗಬಹುದು. ಕೇಳದೆ ಕತ್ತರಿ ಹಿಡಿಯುವವನಿಗೆ ಇದು ಗೊತ್ತಾಗುವುದು ಹೇಗೆ?

ಆಮೇಲೆ ಅವರು ತಾಯಿಗೆ ಮತ್ತು ನನಗೆ ಹೊರಗೆ ಕುಳಿತಿರಲು ಹೇಳಿದರು. ಒಳಗೆ ನರ್ಸ್ ಒಬ್ಬರಿದ್ದರು. ಡಾಕ್ಟರರು ತನಗೆ ಒಂದೇ ಒಂದು ಪ್ರಶ್ನೆ ಕೇಳಿದರೆಂದು ಹುಡುಗಿ ನಂತರ ನನಗೆ ಹೇಳಿದಳು: “ಈ ಮೂಗು ಯಾರಿಗೆ ಇಷ್ಟವಿಲ್ಲ? ನಿನಗೋ, ಬೇರೆ ಯಾರಿಗಾದರೂವೋ?”

ಅವಳು ಅತ್ತುಬಿಟ್ಟಳಂತೆ. “ನನಗೆ ನನ್ನ ಮೂಗಿನ ಬಗ್ಗೆ ಯಾವತ್ತೂ ಬೇಸರ ಆಗಿಲ್ಲ ಸರ್. ಕುತ್ತಿಗೆ ಮಾತ್ರ ನೋಯುತ್ತದೆ” ಎಂದಳಂತೆ.

ಇಪ್ಪತ್ತೆರಡು ವರ್ಷಗಳಲ್ಲಿ ಆ ಮಾತನ್ನು ಅವಳಿಂದ ಕೇಳಿದ ಮೊದಲ ವ್ಯಕ್ತಿ ಒಬ್ಬ ಅಪರಿಚಿತ ವೈದ್ಯ ಎಂಬುದು ನಮಗೆಲ್ಲ ನಾಚಿಕೆಯ ವಿಷಯವಲ್ಲವೇ?

ಎರಡು ಬಾರಿ ‘ಬೇಡ’

ನಮ್ಮನ್ನು ಒಳಗೆ ಕರೆದು ಅವರು ತೀರ್ಮಾನ ಹೇಳಿದರು. ಮೂಗಿಗೆ ಆಪರೇಷನ್ ಬೇಡವೇ ಬೇಡ. ಕುತ್ತಿಗೆಗೆ ಖಂಡಿತ ಬೇಕು, ಆದರೆ ಮದುವೆಗೆ ಮುಂಚೆ ಬೇಡ.

ತಾಯಿಯ ಮುಖ ಬಾಡಿತು. “ಎರಡು ತಿಂಗಳು ಇದೆಯಲ್ಲ ಸರ್?” ಎಂದರು. ಡಾಕ್ಟರರು ಬೇಸರಿಸಿಕೊಳ್ಳದೆ ಕಾರಣಗಳನ್ನು ಒಂದೊಂದಾಗಿ ವಿವರಿಸಿದರು.

ಮೊದಲನೆಯದು ರಕ್ತ. ಅವಳ ಹಿಮೋಗ್ಲೋಬಿನ್ ಎಂಟೂವರೆಯೂ ಇರಲಿಲ್ಲ. ಹೆಂಗಸರಿಗೆ ಹನ್ನೆರಡಾದರೂ ಇರಬೇಕು. ನಮ್ಮ ದೇಶದಲ್ಲಿ ಇದೇನೂ ಅಪರೂಪವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆ ಇರುವ ಮೈಯಲ್ಲಿ ಹೊಸ ಚರ್ಮ ಸರಿಯಾಗಿ ಹಿಡಿಯುವುದಿಲ್ಲ, ಗಾಯ ಬೇಗ ಮಾಗುವುದಿಲ್ಲ. ಜೀವ ಉಳಿಸಲು ಮಾಡುವ ತುರ್ತು ಆಪರೇಷನ್ ಆದರೆ ರಕ್ತ ಕೊಟ್ಟಾದರೂ ಮಾಡಬೇಕಾಗುತ್ತದೆ. ಕಾಯಬಹುದಾದ ಆಪರೇಷನ್‌ಗೆ ಏಕೆ ಆ ಅವಸರ?

ಎರಡನೆಯದು ಉಸಿರು. ಇದನ್ನು ಕೇಳಿದಾಗ ನನ್ನ ಮೈ ಜುಂ ಎಂದಿತು. ಪೂರ್ತಿ ಅರಿವಳಿಕೆ ಕೊಟ್ಟಾಗ ರೋಗಿ ಸ್ವಂತವಾಗಿ ಉಸಿರಾಡುವುದು ನಿಲ್ಲಬಹುದು. ಆಗ ಬಾಯಿಯ ಮೂಲಕ ಶ್ವಾಸನಾಳಕ್ಕೆ ಕೊಳವೆ ಇಳಿಸುತ್ತಾರೆ. ಅದಕ್ಕಾಗಿ ತಲೆಯನ್ನು ಹಿಂದಕ್ಕೆ ಬಾಗಿಸಬೇಕು. ಇವಳ ಕುತ್ತಿಗೆ ಬಾಗುವುದೇ ಇಲ್ಲ! ತಯಾರಿಯಿಲ್ಲದ ಕಡೆ ಮಂಪರು ಬರಿಸಿಬಿಟ್ಟರೆ, ಕೊಳವೆ ಇಳಿಸಲಾಗದೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಹೀಗಾಗಿ ಅರಿವಳಿಕೆ ತಜ್ಞರು ಇವಳನ್ನು ಮೊದಲೇ ಪರೀಕ್ಷಿಸಬೇಕು. ಎಚ್ಚರ ಇರುವಾಗಲೇ ಗಂಟಲನ್ನು ಮರಗಟ್ಟಿಸಿ, ತೆಳುವಾದ ದುರ್ಬೀನಿನ ಸಹಾಯದಿಂದ ಕೊಳವೆ ಇಳಿಸುವ ವ್ಯವಸ್ಥೆ ಇರಬೇಕು.

ಅರ್ಧ ಖರ್ಚಿನ ಬ್ಯೂಟಿ ಸೆಂಟರ್‌ನಲ್ಲಿ ಇದನ್ನೆಲ್ಲ ಯಾರು ನೋಡುತ್ತಿದ್ದರು?

ಮೂರನೆಯದು ಕಾಲ. ಬಿಗಿದ ಚರ್ಮವನ್ನು ಬಿಡಿಸಿ, ತೊಡೆಯಿಂದ ತೆಗೆದ ಚರ್ಮವನ್ನು ಅಲ್ಲಿ ಕಸಿ ಮಾಡುತ್ತಾರೆ. ಆಪರೇಷನ್ ಆದ ಮೇಲೆ ಎಷ್ಟೋ ತಿಂಗಳು ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ವ್ಯಾಯಾಮ ಮಾಡಬೇಕು. ಇಲ್ಲದಿದ್ದರೆ ಚರ್ಮ ಮತ್ತೆ ಬಿಗಿಯುತ್ತದೆ. ಮದುಮಗಳಾಗಿ ಕುಳಿತುಕೊಳ್ಳುವ ದಿನ ಕಲೆ ಈಗಿನದಕ್ಕಿಂತ ಕೆಂಪಾಗಿ ಎದ್ದು ಕಾಣುತ್ತದೆ. “ಮದುವೆ ಫೋಟೋಗೆ ಅಂತ ಮಾಡಿಸಬೇಡಿ. ಮುಂದಿನ ನಲವತ್ತು ವರ್ಷ ತಲೆ ಎತ್ತಿ ನಡೆಯಲಿ ಅಂತ ಮಾಡಿಸಿ” ಎಂದರು.

ಆ ದಿನ ಅವರು ತೆಗೆದುಕೊಂಡದ್ದು ಸಮಾಲೋಚನೆಯ ಶುಲ್ಕ ಮಾತ್ರ. ಎರಡು ಆಪರೇಷನ್‌ಗಳ ಹಣ ತಾನಾಗಿ ಮೇಜಿನ ಮುಂದೆ ಬಂದು ಕುಳಿತಿದ್ದರೂ ‘ಬೇಡ’ ಎಂದರಲ್ಲ, ಒಳ್ಳೆಯ ವೈದ್ಯರ ಗುರುತು ಅಲ್ಲೇ ಇದೆ ಎಂದು ನನಗನಿಸಿತು.

ಒಬ್ಬರು ‘ಬೇಡ’ ಎಂದರೆ ಇನ್ನೊಬ್ಬರಿದ್ದಾರೆ

ಆದರೆ ಒಬ್ಬ ವೈದ್ಯರ ‘ಬೇಡ’ ಸಾಕಾಗುವುದಿಲ್ಲ. ಅದನ್ನು ಕೇಳಿಸಿಕೊಳ್ಳುವ ಮನಸ್ಸು ನಮಗೂ ಇರಬೇಕು. ಅಮೆರಿಕದ ಒಂದು ಘಟನೆ ಇದಕ್ಕೆ ಸಾಕ್ಷಿ.

ಡಾಂಡಾ ವೆಸ್ಟ್ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕಿಯಾಗಿದ್ದವರು. ಪ್ರಸಿದ್ಧ ಗಾಯಕ ಕಾನ್ಯೆ ವೆಸ್ಟ್‌ರ ತಾಯಿ. ಕೊಬ್ಬು ತೆಗೆಸುವುದು, ಸ್ತನದ ಗಾತ್ರ ಇಳಿಸುವುದು ಮುಂತಾದ ಆಪರೇಷನ್‌ಗಳಿಗಾಗಿ ಅವರು ಮೊದಲು ಒಬ್ಬ ಸರ್ಜನರನ್ನು ಕಂಡರು. ಹೃದಯದ ತೊಂದರೆಯ ಸಂಶಯದಿಂದ ಆ ಸರ್ಜನರು, ಬೇರೊಬ್ಬ ವೈದ್ಯರಿಂದ ಪರೀಕ್ಷೆ ಮಾಡಿಸಿ ಒಪ್ಪಿಗೆ ತಂದರೆ ಮಾತ್ರ ಆಪರೇಷನ್ ಮಾಡುವುದಾಗಿ ಹೇಳಿದರು. ಆಕೆ ಮತ್ತೆ ಅವರ ಬಳಿಗೆ ಹೋಗಲಿಲ್ಲ. ಇನ್ನೊಬ್ಬ ಸರ್ಜನ್ ಆಪರೇಷನ್ ಮಾಡಿದರು. ಮರುದಿನ, 2007ರ ನವೆಂಬರ್ 10ರಂದು, 58ನೇ ವಯಸ್ಸಿನಲ್ಲಿ ಆಕೆ ತೀರಿಕೊಂಡರು. ಹೃದಯದ ರಕ್ತನಾಳಗಳ ಕಾಯಿಲೆ ಮತ್ತು ಆಪರೇಷನ್ ನಂತರದ ಹಲವು ಅಂಶಗಳು ಸಾವಿಗೆ ಕಾರಣವೆಂದು ಅಧಿಕೃತ ತಪಾಸಣೆಯಲ್ಲಿ ದಾಖಲಾಯಿತು.

ಈ ಸಾವಿನ ನಂತರ ಕ್ಯಾಲಿಫೋರ್ನಿಯಾ ರಾಜ್ಯ 2009ರಲ್ಲಿ ಆಕೆಯ ಹೆಸರಿನಲ್ಲೇ ಒಂದು ಕಾನೂನು ಮಾಡಿತು. ಸೌಂದರ್ಯಕ್ಕಾಗಿ ಆಪರೇಷನ್ ಮಾಡುವ ಮುನ್ನ 30 ದಿನಗಳ ಒಳಗೆ ರೋಗಿಯ ದೇಹಪರೀಕ್ಷೆ ಆಗಿರಬೇಕು, ಲಿಖಿತ ಒಪ್ಪಿಗೆ ಸಿಕ್ಕಿರಬೇಕು. ಮೊದಲ ಸರ್ಜನರು ಬಾಯಿಮಾತಿನಲ್ಲಿ ಕೇಳಿದ್ದನ್ನೇ ಕಾನೂನು ಕಡ್ಡಾಯ ಮಾಡಿತು. ಆದರೆ ಅಷ್ಟರಲ್ಲಿ ಒಂದು ಜೀವ ಹೋಗಿತ್ತು.

ನಮ್ಮ ಬೆಂಗಳೂರಿನಲ್ಲೂ 2022ರ ಮೇ ತಿಂಗಳಲ್ಲಿ ಇಂಥದೇ ದುಃಖದ ಘಟನೆ ನಡೆಯಿತು. ಕನ್ನಡ ಕಿರುತೆರೆಯ ನಟಿ ಚೇತನಾ ರಾಜ್‌ಗೆ ಆಗ ಕೇವಲ 21 ವರ್ಷ. ಕೊಬ್ಬು ತೆಗೆಸುವ ಚಿಕಿತ್ಸೆಗೆ ಒಂದು ಖಾಸಗಿ ಆಸ್ಪತ್ರೆಗೆ ಹೋದವಳು ಜೀವಂತವಾಗಿ ಮರಳಲಿಲ್ಲ. ಮನೆಯವರಿಗೆ ಮೊದಲೇ ತಿಳಿಸಿರಲಿಲ್ಲ ಎಂದು ಪತ್ರಿಕೆಗಳು ಬರೆದವು. ಆ ಹೆತ್ತವರ ಸಂಕಟವನ್ನು ನೆನೆಯಿರಿ. ನಮ್ಮ ಹೆಣ್ಣುಮಕ್ಕಳು ತಮ್ಮ ಮೈಯ ಬಗ್ಗೆ ಇರುವ ಕೊರಗನ್ನು ನಮ್ಮ ಬಳಿ ಹೇಳಿಕೊಳ್ಳುವಷ್ಟು ಸಲುಗೆ ನಾವು ಕೊಟ್ಟಿದ್ದೇವೆಯೇ? ಪ್ರತಿ ಮನೆಯೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಕೊಬ್ಬು ತೆಗೆಯುವುದೆಂದರೆ ಕೂದಲು ಕತ್ತರಿಸಿದಷ್ಟು ಸುಲಭ ಎಂದು ತಿಳಿದವರಿದ್ದಾರೆ. ಹಾಗಲ್ಲ. ಚರ್ಮದಡಿಗೆ ಔಷಧಿ ಬೆರೆತ ದ್ರವವನ್ನು ಹರಿಸಿ, ಕೊಳವೆಯಿಂದ ಕೊಬ್ಬನ್ನು ಎಳೆಯುತ್ತಾರೆ. ದ್ರವ ಹೆಚ್ಚಾದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಮರಗಟ್ಟಿಸುವ ಔಷಧಿ ಮಿತಿ ಮೀರಿದರೆ ಹೃದಯದ ಬಡಿತ ತಪ್ಪಬಹುದು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಬಹುದು. ಒಂದೇ ಸಲಕ್ಕೆ 5 ಲೀಟರಿಗಿಂತ ಹೆಚ್ಚು ತೆಗೆಯುವುದನ್ನು ದೊಡ್ಡ ಪ್ರಮಾಣವೆಂದು ಪರಿಗಣಿಸುತ್ತಾರೆ. ಅಂಥವರು ರಾತ್ರಿ ಆಸ್ಪತ್ರೆಯಲ್ಲೇ ನಿಗಾದಲ್ಲಿ ಇರಬೇಕಾಗುತ್ತದೆ. ಅಲ್ಲದೆ ಇದು ಬೊಜ್ಜಿನ ರೋಗಕ್ಕೆ ಮದ್ದೂ ಅಲ್ಲ. ಊಟ ಮತ್ತು ನಡಿಗೆ ಬದಲಾಗದಿದ್ದರೆ ಮೈ ಮತ್ತೆ ತುಂಬಿಕೊಳ್ಳುತ್ತದೆ.

ಈ ವಿದ್ಯೆಯ ಮೂಲ ಅಲಂಕಾರವಲ್ಲ

ಪ್ಲಾಸ್ಟಿಕ್ ಸರ್ಜರಿ ಎಂದರೆ ಸಿನಿಮಾ ನಟಿಯರ ಕೆಲಸ ಎಂಬ ಭಾವನೆ ನಮ್ಮಲ್ಲಿದೆ. ಅದರ ಚರಿತ್ರೆ ಬೇರೆಯೇ ಇದೆ. ಪ್ರಾಚೀನ ಭಾರತದ ಸುಶ್ರುತ ಸಂಹಿತೆಯಲ್ಲಿ ಕತ್ತರಿಸಿದ ಮೂಗನ್ನು ಮತ್ತೆ ಕಟ್ಟುವ ವಿಧಾನವಿದೆ. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಯಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಸೆರೆಸಿಕ್ಕಿ ಮೂಗು ಕಳೆದುಕೊಂಡಿದ್ದ. ಪುಣೆಯ ಹತ್ತಿರ ನಾಡ ವೈದ್ಯನೊಬ್ಬ ಹಣೆಯ ಚರ್ಮ ತಿರುಗಿಸಿ ಅವನಿಗೆ ಹೊಸ ಮೂಗು ಮಾಡಿದ ವಿವರ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರಸಹಿತ ಅಚ್ಚಾಯಿತು. ಅದನ್ನು ಓದಿದ ಕಾರ್ಪ್ಯೂ ಎಂಬ ಇಂಗ್ಲಿಷ್ ಸರ್ಜನ್ ಮರುದಿನವೇ ಚಾಕು ಹಿಡಿಯಲಿಲ್ಲ. ಶವಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಮೊದಲ ಬಾರಿ ಜೀವಂತ ರೋಗಿಯ ಮೇಲೆ ಆ ಆಪರೇಷನ್ ಮಾಡಿದರು.

ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರಿಗಾಗಿ 1917ರಲ್ಲಿ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ ಒಂದು ಆಸ್ಪತ್ರೆಯೇ ಆರಂಭವಾಯಿತು. ಅಲ್ಲಿ ಹೆರಾಲ್ಡ್ ಗಿಲೀಸ್ ಎಂಬ ಸರ್ಜನರು ದವಡೆ, ತುಟಿ, ರೆಪ್ಪೆಗಳನ್ನು ಹಂತಹಂತವಾಗಿ ಕಟ್ಟಿದರು. ಅವಸರ ಮಾಡಬಾರದು, ಕಾಯಬಹುದಾದರೆ ಕಾಯಬೇಕು ಎಂಬುದು ಅವರು ಶಿಷ್ಯರಿಗೆ ಕಲಿಸಿದ ಪಾಠಗಳಲ್ಲಿ ಒಂದು. ಇಂದಿಗೂ ಸುಟ್ಟಗಾಯ, ಸೀಳು ತುಟಿ, ಅಪಘಾತ, ಆಸಿಡ್ ದಾಳಿ ಇವೆಲ್ಲ ಈ ತಜ್ಞರ ಕೈಗೇ ಬರುತ್ತವೆ.

ನಮ್ಮ ಪೂರ್ವಿಕರಾದ ಸ್ಪೇನಿನ ಅಬುಲ್ ಕಾಸಿಮ್ ಅಝ್ಝಹ್‌ರಾವಿಯನ್ನು ನೆನೆಯದಿರಲು ಸಾಧ್ಯವಿಲ್ಲ. 1013ರಲ್ಲಿ ನಿಧನರಾದ ಅವರು ಮೂವತ್ತು ಭಾಗಗಳ ‘ಅತ್ತಸ್‌ರೀಫ್’ ಗ್ರಂಥ ಬರೆದರು. ಅದರ ಕೊನೆಯ ಭಾಗ ಶಸ್ತ್ರಚಿಕಿತ್ಸೆಯದ್ದು. ಅದರ ಪೀಠಿಕೆಯಲ್ಲಿ ಅವರು ತಮ್ಮ ಸಾಧನೆಗಳನ್ನು ಹೇಳಿಕೊಳ್ಳುವುದಿಲ್ಲ. ಅರಿವಿಲ್ಲದ ವೈದ್ಯರಿಂದ ತಾವು ಕಂಡ ಸಾವುಗಳನ್ನು ಹೇಳುತ್ತಾರೆ. ಹೆಂಗಸೊಬ್ಬಳ ಕುತ್ತಿಗೆಯ ಗಡ್ಡೆಯನ್ನು ಕೊಯ್ಯಲು ಹೋದ ವೈದ್ಯನೊಬ್ಬ ರಕ್ತನಾಳ ಕತ್ತರಿಸಿ, ಆಕೆ ರಕ್ತ ಸುರಿದು ಅವನೆದುರೇ ಸತ್ತಳೆಂದು ಬರೆದಿದ್ದಾರೆ. ದೇಹದ ರಚನೆ ಅರಿಯದವನು ಶಸ್ತ್ರ ಹಿಡಿಯಬಾರದು ಎಂಬುದು ಅವರ ಎಚ್ಚರಿಕೆ. ಸಾವಿರ ವರ್ಷಗಳ ಹಿಂದಿನ ಆ ಮಾತು ಇಂದಿನ ಬ್ಯೂಟಿ ಸೆಂಟರ್‌ಗಳಿಗೆ ಎಷ್ಟು ಸರಿಯಾಗಿ ಒಪ್ಪುತ್ತದೆ!

ಬೋರ್ಡು ನೋಡಿ ಮರುಳಾಗಬೇಡಿ

ಹಾಗಾದರೆ ಅರಿತವರು ಯಾರು? ನಮ್ಮ ದೇಶದಲ್ಲಿ ಎಂ.ಬಿ.ಬಿ.ಎಸ್. ಆದ ಮೇಲೆ ಮೂರು ವರ್ಷ ಜನರಲ್ ಸರ್ಜರಿಯಲ್ಲಿ ಎಂ.ಎಸ್., ನಂತರ ಮತ್ತೆ ಮೂರು ವರ್ಷ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಓದುತ್ತಾರೆ. ಅದಕ್ಕೆ ಸಮಾನವಾದ ಡಿ.ಆರ್.ಎನ್.ಬಿ. (ಹಿಂದಿನ ಡಿ.ಎನ್.ಬಿ.) ಕೂಡ ಇದೆ. ಚರ್ಮ ಮತ್ತು ಲೇಸರ್ ಚಿಕಿತ್ಸೆಗೆ ಚರ್ಮರೋಗದಲ್ಲಿ ಎಂ.ಡಿ. ಮಾಡಿದವರಿದ್ದಾರೆ. ‘ಕಾಸ್ಮೆಟಾಲಜಿಸ್ಟ್’ ಎಂಬ ಬೋರ್ಡು ಶಸ್ತ್ರಚಿಕಿತ್ಸೆಯ ಪದವಿಯಲ್ಲ. ಕೂದಲು ನಾಟಿಯಂಥ ಚಿಕಿತ್ಸೆಗಳ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಕಾರ್ಯಾಗಾರದಲ್ಲಿ ಅಥವಾ ಯೂಟ್ಯೂಬ್‌ನಲ್ಲಿ ನೋಡಿ ಕಲಿತದ್ದು ತರಬೇತಿಯಾಗದು ಎಂದು ಅದು ಸ್ಪಷ್ಟವಾಗಿ ಹೇಳಿತು. ಹೀಗೆ ಹೇಳಬೇಕಾಗಿ ಬಂತೆಂದರೆ ಪರಿಸ್ಥಿತಿ ಹೇಗಿರಬೇಕು ಯೋಚಿಸಿ.

ವೈದ್ಯರ ನೋಂದಣಿ ಸಂಖ್ಯೆಯನ್ನು ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿ ಯಾರೂ ನೋಡಬಹುದು. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಿರಲೇಬೇಕು. ಆ ಪ್ರಮಾಣಪತ್ರ ಎಲ್ಲಿದೆ ಎಂದು ಕೇಳಲು ಸಂಕೋಚ ಬೇಡ. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುವ ನಾವು, ಮಗಳ ಮೈಯನ್ನು ಒಪ್ಪಿಸುವಾಗ ಕಣ್ಣು ಮುಚ್ಚಿಕೊಳ್ಳುವುದೇ?

ಸಹಿ ಯಾರದ್ದು?

ನಮ್ಮ ಮನೆಗಳಲ್ಲಿ ಒಂದು ರೂಢಿಯಿದೆ. ಹೆಂಗಸಿಗೆ ಆಪರೇಷನ್ ಎಂದರೆ ಗಂಡನೋ ಅಣ್ಣನೋ ಸಹಿ ಹಾಕುತ್ತಾರೆ. ಅವಳಿಗೆ ಏನಾಗುತ್ತಿದೆ ಎಂದು ಅವಳಿಗೇ ಗೊತ್ತಿರುವುದಿಲ್ಲ. ಸಮೀರಾ ಕೊಹ್ಲಿ ಎಂಬ ಮಹಿಳೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಮಹತ್ವದ ತೀರ್ಪು ನೀಡಿತು. ಪರೀಕ್ಷೆಗೆಂದು ಅರಿವಳಿಕೆ ಪಡೆದಿದ್ದ ಆಕೆಯ ಗರ್ಭಕೋಶವನ್ನು, ಹೊರಗಿದ್ದ ತಾಯಿಯ ಒಪ್ಪಿಗೆ ಮಾತ್ರ ಪಡೆದು ತೆಗೆದುಹಾಕಲಾಗಿತ್ತು. ಪ್ರಾಯಕ್ಕೆ ಬಂದ, ಬುದ್ಧಿ ಸರಿಯಿರುವ ಹೆಣ್ಣಿನ ಬದಲಿಗೆ ತಾಯಿಯೂ ಒಪ್ಪಿಗೆ ಕೊಡುವಂತಿಲ್ಲ, ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿದ್ದರೆ ಅವಳು ಎಚ್ಚರಗೊಳ್ಳುವವರೆಗೆ ಕಾಯಬೇಕು ಎಂದು ನ್ಯಾಯಾಲಯ ಹೇಳಿತು. ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ದಾರಿಗಳು, ಮಾಡಿಸದಿದ್ದರೆ ಏನಾಗುತ್ತದೆ ಎಂಬುದನ್ನು ಅವಳಿಗೆ ತಿಳಿಸಿದ ಮೇಲಿನ ಒಪ್ಪಿಗೆಯೇ ಒಪ್ಪಿಗೆ.

ನಮ್ಮ ಡಾಕ್ಟರರು ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿಸಿ, ಅವಳಿಂದಲೇ ಅದರ ಅರ್ಥವನ್ನು ಹೇಳಿಸಿದರು. ಪಾಠ ಒಪ್ಪಿಸುವ ಮಗುವಿನಂತೆ ಅವಳು ಹೇಳಿದಳು. ತಪ್ಪಿದ ಕಡೆ ಅವರು ಮತ್ತೆ ವಿವರಿಸಿದರು. ಶಿಕ್ಷಕಿಯಾದ ನನಗೆ ಇದು ಬಹಳ ಹಿಡಿಸಿತು.

ಪರದೆ ಮತ್ತು ಫೋಟೋ

ನಮ್ಮ ಸಹೋದರಿಯರು ಆಸ್ಪತ್ರೆಗೆ ಹೋಗಲು ಹಿಂಜರಿಯುವುದಕ್ಕೆ ದೊಡ್ಡ ಕಾರಣ ಮಾನದ ಚಿಂತೆ. ಪುರುಷ ವೈದ್ಯರು ಪರೀಕ್ಷಿಸುವಾಗ ಜೊತೆಗೆ ಒಬ್ಬ ಹೆಂಗಸು ಇರಬೇಕೆಂದು ಕೇಳುವುದು ನಿಮ್ಮ ಹಕ್ಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಇದು ಸೇರಿದೆ. ಆಪರೇಷನ್‌ಗೆ ಮೊದಲು ಮತ್ತು ನಂತರ ಫೋಟೋ ತೆಗೆಯುವುದು ಈ ಚಿಕಿತ್ಸೆಯಲ್ಲಿ ಅಗತ್ಯ. ಆದರೆ ರೋಗಿಯ ಅನುಮತಿ ಇಲ್ಲದೆ ಫೋಟೋ ಪ್ರಕಟಿಸುವುದನ್ನು 2002ರ ವೈದ್ಯರ ನಡತೆಯ ನಿಯಮಗಳು ನಿಷೇಧಿಸಿವೆ. ಮೊಬೈಲಿನಲ್ಲಿ ‘ಮೊದಲು–ನಂತರ’ ಚಿತ್ರಗಳನ್ನು ತೋರಿಸಿ ಗಿರಾಕಿ ಹಿಡಿಯುವವರ ಬಳಿ ಒಮ್ಮೆ ಕೇಳಿ: ಇವರೆಲ್ಲರ ಅನುಮತಿ ಇದೆಯೇ? ನಾಳೆ ನನ್ನ ಚಿತ್ರ ಯಾರ ಮೊಬೈಲಿನಲ್ಲಿರುತ್ತದೆ?

ಆಪರೇಷನ್ ಕೋಣೆಯೊಳಗೆ

ಸುರಕ್ಷತೆ ಒಬ್ಬ ವೈದ್ಯರ ಕೈಚಳಕದಿಂದ ಮಾತ್ರ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಒಂದು ಪಟ್ಟಿ ಮಾಡಿತು. ಅರಿವಳಿಕೆಗೆ ಮೊದಲು, ಕೊಯ್ಯುವುದಕ್ಕೆ ಮೊದಲು, ರೋಗಿ ಕೋಣೆ ಬಿಡುವ ಮೊದಲು ಹೀಗೆ ಮೂರು ಸಲ ನಿಂತು ಗಟ್ಟಿಯಾಗಿ ಓದಬೇಕು. ರೋಗಿಯ ಹೆಸರೇನು? ಯಾವ ಭಾಗ? ಅಲರ್ಜಿ ಇದೆಯೇ? ಉಸಿರಿನ ಕೊಳವೆ ಇಳಿಸುವುದು ಕಷ್ಟವೇ? ಬಟ್ಟೆ, ಸೂಜಿಗಳ ಲೆಕ್ಕ ಸರಿಯಿದೆಯೇ? ದೆಹಲಿಯದ್ದೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪ್ರಯೋಗಿಸಿದಾಗ ಆಪರೇಷನ್ ನಂತರದ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತು. ತೊಡಕುಗಳು 11ರಿಂದ 7ಕ್ಕೆ ಇಳಿದವು. ಹೊಸ ಯಂತ್ರವಿಲ್ಲ, ಹೊಸ ಔಷಧಿಯಿಲ್ಲ, ಒಂದು ಕಾಗದ ಮತ್ತು ಕೇಳುವ ಅಭ್ಯಾಸ ಅಷ್ಟೇ!

ದೀನಿನ ಅರ್ಧ

ತಾಯಿ ಕೇಳಿದ ಪ್ರಶ್ನೆಗೆ ಈಗ ಬರುತ್ತೇನೆ. ಯುದ್ಧದಲ್ಲಿ ಮೂಗು ಕಳೆದುಕೊಂಡಿದ್ದ ಸಹಾಬಿ ಅರ್‌ಫಜ(ರ) ಬೆಳ್ಳಿಯ ಮೂಗು ಮಾಡಿಸಿಕೊಂಡಿದ್ದರು. ಅದು ದುರ್ವಾಸನೆ ಬೀರಿದಾಗ ಚಿನ್ನದ ಮೂಗು ಮಾಡಿಸಿಕೊಳ್ಳಲು ಪ್ರವಾದಿ(ಸ)ರು ಹೇಳಿದರೆಂದು ಹದೀಸ್ ಗ್ರಂಥಗಳಲ್ಲಿದೆ. ಪುರುಷರಿಗೆ ಚಿನ್ನ ನಿಷಿದ್ಧವಾಗಿದ್ದರೂ ಇಲ್ಲಿ ನೀಡಿದ ಅನುಮತಿಯನ್ನು ಗಮನಿಸಿ. ಹಾಗೆಯೇ, ವೈದ್ಯವಿದ್ಯೆ ತಿಳಿಯದೆ ಚಿಕಿತ್ಸೆ ಮಾಡಿದವನು ಅದರ ಹಾನಿಗೆ ಹೊಣೆಗಾರನೆಂಬ ಅರ್ಥದ ಹದೀಸ್ ಅಬೂ ದಾವೂದ್‌ನಲ್ಲಿದೆ.

2007ರ ಜುಲೈಯಲ್ಲಿ ಮಲೇಶ್ಯಾದ ಪುತ್ರಜಯದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿ ಈ ವಿಷಯವನ್ನೇ ಚರ್ಚಿಸಿತು. ಹುಟ್ಟಿನಿಂದ ಬಂದ ಅಥವಾ ಸುಟ್ಟಗಾಯ, ಅಪಘಾತಗಳಿಂದಾದ ನ್ಯೂನತೆಯನ್ನು ಸರಿಪಡಿಸಲು ಅಡ್ಡಿಯಿಲ್ಲ. ಅಗತ್ಯವಿಲ್ಲದೆ, ಬರಿಯ ಶೋಕಿಗಾಗಿ ಅಲ್ಲಾಹನ ಸೃಷ್ಟಿಯನ್ನು ಬದಲಿಸುವುದು ಸಲ್ಲದು. ಅನುಮತಿ ಇರುವ ಕಡೆಯೂ ಷರತ್ತುಗಳಿವೆ: ಅರ್ಹ ತಜ್ಞರೇ ಮಾಡಬೇಕು, ರೋಗಿಯ ಒಪ್ಪಿಗೆ ಬೇಕು, ಅಪಾಯಗಳನ್ನು ತಿಳಿಸಿರಬೇಕು, ಆಗುವ ಕೆಡುಕು ಒಳಿತಿಗಿಂತ ಹೆಚ್ಚಾಗಿರಬಾರದು. ಆ ಮಂಗಳೂರಿನ ವೈದ್ಯರು ಫಿಕ್‌ಹ್ ಓದಿದವರಲ್ಲ, ನಮ್ಮ ಧರ್ಮದವರೂ ಅಲ್ಲ. ಆದರೆ ಅವರ ಎರಡು ‘ಬೇಡ’ಗಳೂ ಒಂದು ‘ಬೇಕು’ ಕೂಡ ಈ ಮಾತುಗಳಿಗೆ ಹತ್ತಿರವಾಗಿಯೇ ಇದ್ದವು.

ಕೇಳಲೇಬೇಕಾದ ಪ್ರಶ್ನೆಗಳು

• ನಿಮ್ಮ ಪದವಿ, ನೋಂದಣಿ ಸಂಖ್ಯೆ ಯಾವುದು? ಈ ಆಪರೇಷನ್ ನೀವೇ ಮಾಡುತ್ತೀರಾ?
• ಮಾಡಿಸದಿದ್ದರೆ ಏನಾಗುತ್ತದೆ? ಆಪರೇಷನ್ ಇಲ್ಲದ ದಾರಿ ಇದೆಯೇ?
• ಅರಿವಳಿಕೆ ಕೊಡುವವರು ಯಾರು? ಅವರು ಮೊದಲೇ ನೋಡುತ್ತಾರೆಯೇ?
• ತೊಂದರೆಯಾದರೆ ತೀವ್ರ ನಿಗಾ ಘಟಕ ಇಲ್ಲೇ ಇದೆಯೇ?
• ಕಲೆ ಎಲ್ಲಿ, ಎಷ್ಟು ಉದ್ದ ಉಳಿಯುತ್ತದೆ? ಎಷ್ಟು ದಿನ ವಿಶ್ರಾಂತಿ ಬೇಕು?
• ರಾತ್ರಿ ಜ್ವರ, ಉಬ್ಬಸ, ರಕ್ತಸ್ರಾವ ಕಂಡರೆ ಯಾರಿಗೆ ಫೋನ್ ಮಾಡಬೇಕು?
• ಕಾಗದಪತ್ರಗಳ ಪ್ರತಿ ಕೊಡುತ್ತೀರಾ? (ಕೇಳಿದ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮವಿದೆ.)

ಇವುಗಳಿಗೆ ಸಿಡುಕದೆ ಉತ್ತರಿಸುವವರ ಬಳಿ ಹೋಗಿ. “ಅದೆಲ್ಲ ನಿಮಗೆ ಯಾಕಮ್ಮಾ, ಇವತ್ತೇ ದುಡ್ಡು ಕಟ್ಟಿದರೆ ಡಿಸ್ಕೌಂಟ್ ಇದೆ” ಎನ್ನುವವರಿದ್ದರೆ ಚಪ್ಪಲಿ ಮೆಟ್ಟಿಕೊಂಡು ಹೊರಡಿ.

ಬಲಕ್ಕೆ ತಿರುಗಿದ ಕುತ್ತಿಗೆ

ನಿಖಾಹ್ ಗೊತ್ತು ಮಾಡಿದ ದಿನವೇ ನಡೆಯಿತು, ಅದೇ ಕುತ್ತಿಗೆಯೊಂದಿಗೆ, ಅದೇ ಮೂಗಿನೊಂದಿಗೆ. ಹುಡುಗನ ಅಕ್ಕ ಸ್ವಲ್ಪ ದಿನ ಮುಖ ಗಂಟಿಕ್ಕಿಕೊಂಡಿದ್ದರಂತೆ. ಹುಡುಗ ಮಾತ್ರ, “ಡಾಕ್ಟರ್ ಕಾಯಿರಿ ಅಂದ ಮೇಲೆ ಕಾಯೋಣ” ಎಂದು ಮಾತು ಮುಗಿಸಿದ. ಅವಳು ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದಳು. ಮುಹರ್ರಮ್ ತಿಂಗಳಲ್ಲಿ ರಕ್ತ ಹನ್ನೆರಡು ದಾಟಿತು. ಹೊಸ ಮದುಮಗಳಾದ್ದರಿಂದ ಗರ್ಭಿಣಿಯಲ್ಲ ಎಂದು ಪರೀಕ್ಷೆ ಮಾಡಿಸಿ, ಅರಿವಳಿಕೆ ತಜ್ಞರು ಎರಡು ಸಲ ನೋಡಿದ ಮೇಲೆ ಆಪರೇಷನ್ ಆಯಿತು. ಗಂಡ ಹೊರಗಿನ ಬೆಂಚಿನಲ್ಲಿ ತಸ್‌ಬೀಹ್ ಹಿಡಿದು ಕುಳಿತಿದ್ದ. ಉಸಿರಿನ ಕೊಳವೆ ಇಳಿಸಲು ಇಬ್ಬರು ತಜ್ಞರು ಅರ್ಧ ಗಂಟೆ ಶ್ರಮಪಟ್ಟರೆಂದು ಡಾಕ್ಟರರು ನಂತರ ಹೇಳಿದರು. ತಾಯಿ ನನ್ನ ಕೈ ಹಿಡಿದುಕೊಂಡು, “ಟೀಚರ್, ಆ ಬ್ಯೂಟಿ ಸೆಂಟರ್‌ಗೆ ಮುಂಗಡ ಕೊಡಲು ನಾನು ಹಣ ತೆಗೆದಿಟ್ಟಿದ್ದೆ” ಎಂದರು. ಮುಂದೆ ಮಾತು ಹೊರಡಲಿಲ್ಲ.

ತಿಂಗಳುಗಟ್ಟಲೆ ಅವಳು ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡಳು. ಸೆಕೆಗೆ ತುರಿಸಿದರೂ ಬಿಚ್ಚಲಿಲ್ಲ. ಕಲೆ ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಅದನ್ನು ಡಾಕ್ಟರರು ಮೊದಲ ದಿನವೇ ಹೇಳಿದ್ದರು.

ಮೊನ್ನೆ ಅವಳು ನಮ್ಮ ಮನೆಗೆ ಬಂದಿದ್ದಳು. ಅಸರ್ ನಮಾಝಿಗೆ ನನ್ನ ಎಡಗಡೆ ನಿಂತಳು. ನಮಾಝಿನ ಕೊನೆಯಲ್ಲಿ ಅವಳ ಮುಖ ಬಲಕ್ಕೆ, ನನ್ನ ಕಡೆಗೆ ತಿರುಗಿತು. ಭುಜ ಅಲುಗಲಿಲ್ಲ. ಅಲ್‌ಹಮ್ದುಲಿಲ್ಲಾಹ್.

ಸಹೋದರಿಯರೇ, ಮೈ ಅಲ್ಲಾಹನು ನಮಗೆ ಒಪ್ಪಿಸಿದ ಅಮಾನತ್. ಅದನ್ನು ಇನ್ನೊಬ್ಬರ ಕೈಗೆ ಒಪ್ಪಿಸುವ ಮೊದಲು ನೂರು ಸಲ ಕೇಳಿ. ‘ಎಲ್ಲವನ್ನೂ ಮಾಡಿಕೊಡುತ್ತೇವೆ’ ಎನ್ನುವವರಿಗಿಂತ, ಬೇಡವಾದದ್ದನ್ನು ‘ಬೇಡ’ ಎಂದು ಹೇಳುವ ವೈದ್ಯರನ್ನು ಹುಡುಕಿ. ಅಂಥವರು ಸಿಕ್ಕಾಗ ಅವರ ಮಾತನ್ನು ಕೇಳಿ. ಅವರಿಗಾಗಿ ದುಆ ಮಾಡಲು ಮರೆಯಬೇಡಿ.